ಹದಿನೇಳು ದಿನದ ಮುಖ್ಯಸ್ಥರು

ಒಂದು ಪುಟ್ಟ ದ್ವೀಪದೇಶದ ಸೇನಾ ಕಚೇರಿಯ ಕೋಣೆಯಲ್ಲಿ ಒಳಹೋಗುವ ಚೀಟಿಗೆ ಎರಡು ಗಂಟೆ ಕಾದು ಲಾರಿ ಡ್ರೈವರನ ತಲೆ ಕೆಟ್ಟಿತ್ತು. ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು, ಬಣ್ಣದ ಡಬ್ಬಿ ಹಿಡಿದ ಮುದುಕ ಪೇಂಟರನನ್ನು ಮಾತಾಡಿಸಿದಳು.

"ಸೇನಾ ಮುಖ್ಯಸ್ಥರ ಹೆಸರಿನ ಹಲಗೆ ಬರೆಯೋರು ನೀವೇನಾ, ಅಜ್ಜ?"

"ನಾನೇ, ತಾಯಿ. ಮೊದಲ ಮೂವರು ಪರದೇಶದವರು, ಆಮೇಲೆಲ್ಲ ನಮ್ಮವರು."

"ನಡುವೆ ಹದಿನೇಳು ದಿನ ನಮ್ಮಪ್ಪ ಹಂಗಾಮಿ ಮುಖ್ಯಸ್ಥರಾಗಿದ್ರು. ಆ ಕುರ್ಚಿಯಲ್ಲಿ ಕೂತ ನಮ್ಮವರಲ್ಲಿ ಅವರೇ ಮೊದಲು. ಹೆಸರು ಸೇರಿಸಿ ಅಂತ ಈಗ ಆದೇಶ ಬಂದಿದೆ. ಆದ್ರೆ ಜಾಗ ಇಲ್ಲ, ಹೊಸ ಹಲಗೆ ಆಗೋವರೆಗೆ ಕಾಯಿರಿ ಅಂತಾರೆ. ಅಮ್ಮನಿಗೆ ತೊಂಬತ್ತನಾಲ್ಕು. ಅಲ್ಲಿವರೆಗೆ ಇರ್ತಾಳಾ?"

"ಜಾಗ ಇಲ್ಲ ಅಂದವನು ಹಲಗೆ ನೋಡೇ ಇಲ್ಲ. ಮೂರನೇ ಹೆಸರಿನ ಕೆಳಗೆ ಒಂದು ಸಾಲು ಖಾಲಿ ಇದೆ."

"ಖಾಲಿ ಯಾಕೆ?"

"ನಾನೇ ಬಿಟ್ಟದ್ದು. ನಂಗೆ ಕೊಟ್ಟ ಪಟ್ಟಿಯಲ್ಲಿ ನಿಮ್ಮಪ್ಪನ ಹೆಸರಿನ ಮೇಲೆ ಗೀಟು ಎಳೆದಿದ್ರು. ಹಂಗಾಮಿಯವರು ಬೇಡ ಅಂದ್ರು. ಬರೀಲಿಲ್ಲ, ಆದ್ರೆ ಆ ಜಾಗದಲ್ಲಿ ಇನ್ನೊಬ್ಬರನ್ನ ಕೂರಿಸೋಕೆ ಮನಸ್ಸು ಬರಲಿಲ್ಲ. ಅಳತೆ ತಪ್ಪಿತು ಸಾಹೇಬ್ರೇ ಅಂದೆ. ಮೂವತ್ತು ವರ್ಷದಿಂದ ಕುರುಡು ಪೇಂಟರ್ ಅಂತ ಆಡ್ಕೋತಾರೆ."

"ಅಪ್ಪ ನಿಮಗೆ ಗೊತ್ತಿದ್ರಾ?"

"ಮುಖಾನೇ ನೋಡಿಲ್ಲ. ಒಂದು ದಿನವಾಗಲಿ, ಕೆಲಸ ಮಾಡಿದವರು ಮಾಡಿದವರೇ ಅಲ್ವಾ?"

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮ ಋಣ ಹೇಗೆ ತೀರಿಸಲಿ, ಅಜ್ಜ?"

"ಹೆಸರಿನ ಅಕ್ಷರ ಸರಿಯಾಗಿ ಬರೆದುಕೊಡಿ, ಸಾಕು. ಆದೇಶ ತೋರಿಸಿ ಈಗಲೇ ಬರೀತೀನಿ. ನಾಳೆ ಬೆಳಿಗ್ಗೆ ಅಮ್ಮನ್ನ ಕರ್ಕೊಂಡು ಬನ್ನಿ, ಅಷ್ಟರಲ್ಲಿ ಒಣಗಿರುತ್ತೆ."

ಗುಮಾಸ್ತ ಇಬ್ಬರನ್ನೂ ಕೂಗಿದ. ಬಣ್ಣದ ಡಬ್ಬಿಯನ್ನು ಆಕೆಯೇ ಎತ್ತಿಕೊಂಡಳು. ಡ್ರೈವರ್ ಎದ್ದುನಿಂತು ಅವರಿಗೆ ದಾರಿ ಬಿಟ್ಟ.