ಹಳೇ ಅಳತೆಯ ಜುಬ್ಬ

ಧರ್ಮತಲಾದ ಟ್ರಾಮ್ ನಿಲ್ದಾಣದಲ್ಲಿ ಗಂಡ ಹೆಂಡತಿ ಚೀಲಗಳ ಸಮೇತ ಬಂದು ಕುಸಿದು ಕೂತರು. ಗಡಿಯಾಚೆ ಖುಲ್ನಾ ಕಡೆಯವರೆಂದು, ಅದೇ ಬೆಂಚಿನ ಮೇಲೆ ಟ್ರಾಮಿಗೆ ಕಾಯುತ್ತಿದ್ದ ಸುತಪಾಗೆ ಅವರ ಮಾತಿನ ಧಾಟಿಯಲ್ಲೇ ಗೊತ್ತಾಯಿತು. ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

"ವಿಕ್ಟೋರಿಯಾ ಮೆಮೋರಿಯಲ್ ಸುತ್ತಿದ್ದಕ್ಕೇ ಕಾಲು ಬಿದ್ದೋಯ್ತು. ಮಾರ್ಕೆಟ್ ಬೇರೆ ಬೇಕಿತ್ತಾ?"

"ಈದ್ ಬಟ್ಟೆ ಇಲ್ದೆ ಊರಿಗೆ ಹೋಗಕ್ಕಾಗತ್ತಾ, ಶಿಮುಲ್‌ನ ಅಬ್ಬಾ?" ಮಗನ ಹೆಸರು ಹಿಡಿದು ಗಂಡನನ್ನು ಕರೆದಳು.

"ಬಂದಿದ್ದು ಡಾಕ್ಟ್ರಿಗೆ ತೋರ್ಸಕ್ಕೆ."

"ರಿಪೋರ್ಟ್ ಬರೋದು ನಾಳೆ ತಾನೆ. ಅಲ್ಲೀತನಕ ರೂಮಲ್ಲಿ ಗೋಡೆ ನೋಡ್ಕೊಂಡು ಕೂರ್ಬೇಕಿತ್ತಾ?"

ಅವನು ಚೀಲದಿಂದ ಜುಬ್ಬ ತೆಗೆದು ಮೈಗೆ ಹಿಡಿದು ನೋಡಿದ.

"ನನ್ನ ಹಳೇ ಅಳತೇದು ತಂದಿದೀಯಲ್ಲೇ. ಇದ್ರೊಳಗೆ ಈಗ ನನ್ನಂಥೋರು ಇಬ್ರು ಹಿಡೀತಾರೆ."

"ಗೊತ್ತು."

"ಹೋಗಿ ಬದಲಾಯ್ಸ್ಕೊಂಡು ಬಾ."

"ಬದಲಾಯ್ಸಲ್ಲ. ಈದ್‌ಗೆ ಇನ್ನೂ ದಿನ ಇದೆ."

ಟ್ರಾಮ್ ಬಂತು. ಚೀಲಗಳನ್ನೆಲ್ಲ ಅವಳೇ ಎತ್ತಿಕೊಂಡು, ಜುಬ್ಬಕ್ಕೂ ಕೈ ಚಾಚಿದಳು. ಅದನ್ನು ಮಾತ್ರ ಅವನು ಕೊಡಲಿಲ್ಲ.