ಕೆಮ್ಮುವ ಬಲ

ಎಕ್ಸ್‌ರೇಗೆ ಕಾಯುತ್ತಿದ್ದ ದರ್ಜಿಗೆ ಹಿಂದಿನ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಲ್ಲಿ ಕೂತವರು ಒಬ್ಬ ಗಂಡಸು ಮತ್ತು ಅವನ ಹೆಂಡತಿಯ ತಂಗಿ. ಎಂಎಸ್ ಎಂಬ ನರದ ಕಾಯಿಲೆಯಿದ್ದ ಹೆಂಡತಿ ಎದುರಿನ ಬಾಗಿಲಿನಾಚೆ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗಿದ್ದಾಳೆಂದು ಅವರ ಮಾತಿನಿಂದಲೇ ತಿಳಿಯಿತು.

“ಬರೀ ನೆಗಡಿ ಅಲ್ವಾ ಭಾವ? ನಿಮಗೂ ಬಂತು, ಮೂರೇ ದಿನಕ್ಕೆ ಎದ್ದು ಓಡಾಡಿದ್ರಿ.”

“ನಾನೂ ಹಾಗೇ ಅಂದ್ಕೊಂಡೆ. ಹೋದ ವರ್ಷ ಇಬ್ಬರಿಗೂ ಬಂದಾಗ ಅವಳೇ ಮೊದ್ಲು ಎದ್ದು ನನಗೆ ಬಿಸಿನೀರು ತಂದುಕೊಟ್ಟಿದ್ಲು. ಗಂಡಸರು ಒಂದು ಸೀನು ಬಂದ್ರೆ ಉಯಿಲು ಬರೆಯೋಕೆ ಕೂರ್ತಾರೆ ಅಂತ ನಕ್ಕಿದ್ಲು.”

“ಆಗ ಅಕ್ಕ ಕೋಲು ಹಿಡಿದು ನಡೀತಿದ್ಲು.”

“ಹೌದು. ಈಗ ಗಾಲಿಕುರ್ಚಿ. ಹೋಗಿದ್ದು ಕಾಲು ಮಾತ್ರ ಅಂತಿದ್ದೆ. ಕೆಮ್ಮೋ ಬಲಾನೂ ಹೋಗಿದೆ ಅಂತ ಡಾಕ್ಟರು ಹೇಳಿದ್ಮೇಲೇ ಗೊತ್ತಾಗಿದ್ದು. ಕಫ ಎಲ್ಲ ಎದೇಲೇ ಕೂತಿದೆ.”

“ಮನೇಲಿ ಕೆಮ್ಮುತಾನೇ ಇರ್ಲಿಲ್ವಾ?”

“ಇಲ್ಲ. ಅದಕ್ಕೇ ಅಲ್ವಾ, ಗುಣ ಆಗ್ತಿದೆ ಅಂತ ನಿನಗೆ ಫೋನ್ ಮಾಡಿದ್ದು.”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು.

“ಒಬ್ಬರು ಬನ್ನಿ. ಮಾತಾಡಿಸಬೇಡಿ, ಅವರಿಗೆ ಉಸಿರು ಸಾಲ್ತಿಲ್ಲ.”

“ಹೋಗಿ ಭಾವ.”

“ನೀನೇ ಹೋಗಮ್ಮ. ನನ್ನ ಕಂಡ್ರೆ ಅವಳು ಮಾತಾಡದೆ ಇರಲ್ಲ.”

ಇಬ್ಬರೂ ಎದ್ದರು. ತಂಗಿ ಒಳಗೆ ಹೋದಳು. ಅವನು ಮಾತ್ರ ಮಂಚದಿಂದ ಕಾಣದ ಹಾಗೆ ಬಾಗಿಲ ಪಕ್ಕದ ಗೋಡೆಗೆ ಒತ್ತಿಕೊಂಡು ನಿಂತ.