ಸೊಸೆ ಬಾಯಲ್ಲಿ ಗಿಮ್ಮರ್

ಕಂಬ್ರಿಯಾದ ಕುರಿ ಹರಾಜಿನಲ್ಲಿ ಚಹಾಕ್ಕೆ ಸಾಲು ನಿಂತಿದ್ದೆ. ಮುಂದೆ ಮುದುಕ ಬರ್ಕೆಟ್, ಅವನ ಪಕ್ಕ ನೆರೆಬೆಟ್ಟದ ವಿಲ್ಫ್.

"ಹೆಣ್ಣುಮರಿಗಳನ್ನೂ ಮಾರ್ತೀಯಂತೆ?" ಎಂದ ವಿಲ್ಫ್. "ಹಾಗಾದ್ರೆ ನಿನ್ನ ಮಂದೆ ಮುಗೀತು ಬಿಡು."

"ಮಗ ಐಸ್‌ಲ್ಯಾಂಡಿನವಳನ್ನ ಕಟ್ಕೊಂಡು ಬಂದ. ಅವಳಿಗೆ ನಮ್ಮ ಕುರಿ, ನಮ್ಮ ಮಾತು ಏನು ಗೊತ್ತು ಅಂತ ಹರಾಜಿಗೆ ಬರೆಸಿದ್ದೆ."

"ಅವಳನ್ನ ಮಾತಾಡ್ಸಿದ್ಯಾ?"

"ಬಂದು ಮೂರು ತಿಂಗಳಾಯ್ತು, ಒಂದು ಮಾತೂ ಆಡಿಸಿರ್ಲಿಲ್ಲ. ಇವತ್ತು ಬೆಳಿಗ್ಗೆ ಗಾಡಿಗೆ ತುಂಬ್ತಿದ್ದೆ. ಬಂದು ಒಂದು ಹೆಣ್ಣುಮರಿ ತಬ್ಕೊಂಡು 'ಗಿಂಬುರ್' ಅಂದ್ಲು."

"ನಮ್ಮ ಗಿಮ್ಮರ್! ಹೆಣ್ಣುಮರಿಗೆ ನಾವೂ ಅದನ್ನೇ ಅಂತೀವಲ್ಲ! ಲಂಡನ್ನಿಂದ ಬಂದ ಕುರಿ ಡಾಕ್ಟರಿಗೇ ಆ ಮಾತು ಗೊತ್ತಿಲ್ಲ. ನಿನ್ನ ಮಗ ಹೇಳ್ಕೊಟ್ನಾ?"

"ಇಲ್ಲ ಮಾರಾಯ. ಅವಳಜ್ಜಿ ಹಾಗೇ ಕರೀತಿದ್ಲಂತೆ. ನಮ್ಮಮ್ಮ ಕರೀತಿದ್ದಂಗೇ."

"ಸಾವಿರ ವರ್ಷದ ಹಿಂದೆ ಉತ್ತರದ ಕಡಲಿಂದ ಹಡಗಲ್ಲಿ ಬಂದವರು ಇಲ್ಲಿ ಬಿಟ್ಟ ಮಾತಂತೆ ಅದು. ಅವಳೂರಿಗೆ ಹೋಗಿ ನೆಲೆಸಿದವರೂ ಅದೇ ಜನ ಅಂತಿದ್ರು ನಮ್ಮ ಶಾಲೆ ಮೇಷ್ಟ್ರು."

ಒಳಗೆ ಗಂಟೆ ಬಾರಿಸಿ ಬರ್ಕೆಟ್‌ನ ಹೆಸರು ಕೂಗಿದರು.

"ಹೋಗೋ, ನಿನ್ನ ಮರಿಗಳ ಸರದಿ."

"ಮರಿಗಳೆಲ್ಲಿವೆ? ಸೊಸೆ ಜೊತೆ ಮೇಯೋಕೆ ಬೆಟ್ಟ ಹತ್ತಿವೆ. ಹರಾಜಿನ ಪಟ್ಟಿಯಿಂದ ಹೆಸರು ತೆಗೆಸೋಕೆ ಬಂದೆ ಅಷ್ಟೆ," ಎಂದು ಬರ್ಕೆಟ್ ಕಚೇರಿಯತ್ತ ನಡೆದ.